ಗುಳ್ಳೆ ನಿಂತ ಬಾಟಲಿಗೆ ಮತ್ತೆ ಏನು ಹಾಕಬೇಕು?

ರೀಲ್‌ನಲ್ಲಿ ನೋಡಿದರೆ ಅದು ಮೂವತ್ತು ಸೆಕೆಂಡಿನ ಕೆಲಸ. ಬಾಟಲಿಗೆ ಸ್ವಲ್ಪ ನೀರು, ಅದರ ಮೇಲೆ ಎಣ್ಣೆ, ನಾಲ್ಕು ಹನಿ ಬಣ್ಣ, ಒಂದು ಪ್ಯಾಕೆಟ್ ಈನೋ. ಬಣ್ಣದ ಗುಂಡುಗಳು ಎಣ್ಣೆಯೊಳಗೆ ಏರುತ್ತವೆ, ಇಳಿಯುತ್ತವೆ. ಹಿಂದೆ ಒಂದು ಹಾಡು, ಕೊನೆಗೆ ಮಗುವಿನ ‘ವಾವ್’. ಮನೆಯಲ್ಲೇ ಲಾವಾ ಲ್ಯಾಂಪ್ ರೆಡಿ!

ಐದು ನಿಮಿಷ ಆದ ಮೇಲೆ ಏನಾಗುತ್ತೆ ಅನ್ನೋದು ಸಾಮಾನ್ಯವಾಗಿ ರೀಲ್‌ನಲ್ಲಿ ಇರಲ್ಲ. ಗುಳ್ಳೆ ನಿಲ್ಲುತ್ತೆ. ಎಣ್ಣೆ ಮೇಲೆ, ನೀರು ಕೆಳಗೆ, ನಡುವೆ ಒಂದಿಷ್ಟು ನೊರೆ. ಮತ್ತೊಂದು ಈನೋ ಹಾಕ್ತೀವಿ, ಆಮೇಲೆ ಇನ್ನೊಂದು. ಎರಡು ದಿನಕ್ಕೆ ನೀರು ಕಲಗಚ್ಚಿನ ಹಾಗಾಗುತ್ತೆ. ಕೊನೆಗೆ ಬಾಟಲಿ ಸಿಂಕ್ ಕೆಳಗೆ ಸೇರುತ್ತೆ, ಅಷ್ಟೂ ಎಣ್ಣೆಯ ಸಮೇತ.

ನಮ್ಮ ಮನೆಯಲ್ಲಿ ಅದನ್ನು ಹಾಗೆ ಬಿಡುವಂತಿರಲಿಲ್ಲ. ಅಕ್ಕ ನರ್ಸ್. ನೈಟ್ ಡ್ಯೂಟಿ ಇರುವ ವಾರ ಅವಳ ಎಂಟು ವರ್ಷದ ಮಗಳು ನನ್ನ ರೂಮಿನಲ್ಲಿ ಮಲಗ್ತಾಳೆ. ಪುಟ್ಟಿಗೆ ಕತ್ತಲು ಅಂದ್ರೆ ಆಗಲ್ಲ. ಸ್ಕೂಲಿನ ಪ್ರಾಜೆಕ್ಟ್‌ಗೆ ಅಂತ ಮಾಡಿದ ಈ ಬಾಟಲಿ ಅಮ್ಮ ಇಲ್ಲದ ರಾತ್ರಿಗಳಿಗೆ ಅವಳ ಜೊತೆಗಾರ ಆಗಿಬಿಟ್ಟಿತು. “ಚಿಕ್ಕಿ, ಗುಳ್ಳೆ ನಿಲ್ಲೋದ್ರೊಳಗೆ ನಂಗೆ ನಿದ್ದೆ ಬರ್ಬೇಕು” ಅಂತಾಳೆ. ಹಾಗಾಗಿ ರೀಫಿಲ್ ಮಾಡುವ ಡ್ಯೂಟಿ ನನ್ನದು.

ಮೂರು ತಿಂಗಳು ಈ ಕೆಲಸ ಮಾಡಿದ ಮೇಲೆ ನನಗೆ ಸಿಕ್ಕ ಪಾಠ ಸಣ್ಣದು. ದೀಪ ನಿಂತಾಗ ಕೈಗೆ ಸಿಕ್ಕಿದ್ದನ್ನು ಸುರಿಯುವ ಮೊದಲು, ಒಳಗೆ ಏನು ಖರ್ಚಾಗಿದೆ ಅಂತ ನೋಡಬೇಕು. ಖರ್ಚಾದದ್ದನ್ನು ಮಾತ್ರ ಹಾಕಿದರೆ ಸಾಕು. ಏನೂ ಖರ್ಚಾಗದ ದೀಪವೂ ಒಂದಿದೆ, ಅದರ ಮುಚ್ಚಳ ತೆಗೆಯಲೇಬಾರದು. ಮೊದಲು ಈ ಎರಡರ ವ್ಯತ್ಯಾಸ ನೋಡೋಣ.

ಹೆಸರು ಒಂದೇ, ದೀಪ ಬೇರೆ

ಅಸಲಿ ಲಾವಾ ಲ್ಯಾಂಪ್ ಇಂಗ್ಲೆಂಡಿನದು. ಎಡ್ವರ್ಡ್ ಕ್ರೇವನ್ ವಾಕರ್ ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವರು. ಯುದ್ಧ ಮುಗಿದ ಮೇಲೆ ಒಂದು ಪಬ್‌ನಲ್ಲಿ ಅವರಿಗೆ ವಿಚಿತ್ರವಾದ ಎಗ್ ಟೈಮರ್ ಕಾಣಿಸಿತು. ಒಂದಕ್ಕೊಂದು ಬೆರೆಯದ ದ್ರವಗಳನ್ನು ತುಂಬಿ ಒಲೆಯ ಮೇಲಿಟ್ಟಿದ್ದ ಪಾತ್ರೆ ಅದು. ಬಿಸಿ ತಾಗಿದ ಹಾಗೆ ಒಳಗಿನ ಮುದ್ದೆ ಮೇಲೇಳುತ್ತಿತ್ತು. ಅದನ್ನೇ ತಲೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿ, 1963ರಲ್ಲಿ ‘ಆಸ್ಟ್ರೋ’ ಅನ್ನುವ ದೀಪವನ್ನು ಮಾರುಕಟ್ಟೆಗೆ ತಂದರು. ಡಾರ್ಸೆಟ್‌ನ ಪೂಲ್ ಎಂಬ ಊರಿನಲ್ಲಿದ್ದ ಅವರ ಕ್ರೆಸ್ಟ್‌ವರ್ತ್ ಕಂಪನಿ ಮುಂದೆ ಮ್ಯಾತ್‌ಮಾಸ್ ಅಂತ ಹೆಸರು ಬದಲಿಸಿಕೊಂಡಿತು.

ಆ ದೀಪದ ಒಳಗಿರುವುದು ವಿಶೇಷವಾಗಿ ತಯಾರಿಸಿದ ಮೇಣ ಮತ್ತು ನೀರಿನಂಥ ಒಂದು ದ್ರವ. ತಣ್ಣಗಿದ್ದಾಗ ಮೇಣ ದ್ರವಕ್ಕಿಂತ ಕೂದಲೆಳೆಯಷ್ಟು ಭಾರ, ಅದಕ್ಕೇ ತಳದಲ್ಲಿ ಕೂತಿರುತ್ತೆ. ಕೆಳಗಿನ ಬಲ್ಬ್ ಬಿಸಿ ಮಾಡಿದಾಗ ಕರಗಿ, ಹಿಗ್ಗಿ, ದ್ರವಕ್ಕಿಂತ ಹಗುರಾಗಿ ಮೇಲೇರುತ್ತೆ. ಮೇಲೆ ಹೋಗಿ ತಣ್ಣಗಾಗಿ ಮತ್ತೆ ಇಳಿಯುತ್ತೆ. ಅಲ್ಲಿ ಕೆಲಸ ಮಾಡೋದು ಶಾಖ ಮಾತ್ರ. ಮೇಣ ಕಡಿಮೆ ಆಗಲ್ಲ, ದ್ರವ ಕಡಿಮೆ ಆಗಲ್ಲ. ಬಲ್ಬ್ ಆರಿಸಿದರೆ ನಿಲ್ಲುತ್ತೆ, ಹಾಕಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಓಡುತ್ತೆ.

ಮನೆಯಲ್ಲಿ ನಾವು ಮಾಡುವ ಬಾಟಲಿಯ ಲೆಕ್ಕ ಪೂರ್ತಿ ಬೇರೆ. ಇಲ್ಲಿ ಶಾಖ ಇಲ್ಲ, ಗ್ಯಾಸ್ ಇದೆ. ಸೋಡಾ ಮತ್ತು ಹುಳಿ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ. ಆ ಗುಳ್ಳೆಗಳು ತಳದ ಬಣ್ಣದ ನೀರನ್ನು ಅಂಟಿಸಿಕೊಂಡು ಎಣ್ಣೆಯೊಳಗೆ ಮೇಲೇರುತ್ತವೆ. ಮೇಲೆ ಹೋದಾಗ ಗ್ಯಾಸ್ ಗಾಳಿಗೆ ಸೇರುತ್ತೆ, ನೀರಿನ ಹನಿ ಒಂಟಿಯಾಗುತ್ತೆ. ನೀರು ಎಣ್ಣೆಗಿಂತ ಭಾರ ತಾನೇ? ಮೆಲ್ಲಗೆ ಕೆಳಗೆ ಬರುತ್ತೆ. ಒಂದು ಲೀಟರ್ ನೀರು ಒಂದು ಕೆಜಿ ತೂಗಿದರೆ, ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 920 ಗ್ರಾಂ. ಆ 80 ಗ್ರಾಂ ವ್ಯತ್ಯಾಸದಲ್ಲೇ ಈ ಆಟವೆಲ್ಲ ನಡೆಯೋದು.

ಹಾಗಾದ್ರೆ ಇಲ್ಲಿ ಖರ್ಚಾಗೋದು ಯಾವುದು? ಎಣ್ಣೆ ಅಲ್ಲ, ನೀರೂ ಅಲ್ಲ. ಸೋಡಾ ಖಾಲಿಯಾಗುತ್ತೆ, ಇಲ್ಲವೇ ಹುಳಿ ಖಾಲಿಯಾಗುತ್ತೆ. ರೀಫಿಲ್ ಅಂದ್ರೆ ಇವೆರಡರಲ್ಲಿ ಯಾವುದು ಮುಗಿದಿದೆಯೋ ಅದನ್ನು ಹಾಕೋದು, ಅಷ್ಟೇ.

ಬಾಟಲಿ ತುಂಬಿಸುವ ಕ್ರಮ

ಅರ್ಧ ಲೀಟರ್ ಹಿಡಿಸುವ, ಉದ್ದನೆಯ, ಪಾರದರ್ಶಕ ಬಾಟಲಿ ತಗೊಳ್ಳಿ. ಮಕ್ಕಳ ಕೈಗೆ ಕೊಡುವುದಾದರೆ ಪ್ಲಾಸ್ಟಿಕ್ಕೇ ಒಳ್ಳೆಯದು. ಅಗಲ ಬಾಯಿಯ ಉಪ್ಪಿನಕಾಯಿ ಜಾಡಿ ಬೇಡ. ಅದರಲ್ಲಿ ಎಣ್ಣೆ ಅಡ್ಡಕ್ಕೆ ಹರಡಿಕೊಂಡು ಗುಳ್ಳೆಗೆ ಓಡಾಡುವ ಎತ್ತರವೇ ಸಿಗಲ್ಲ.

ಬಾಟಲಿಯಲ್ಲಿ ಸೋಪಿನ ಅಂಶ ಉಳಿಯಬಾರದು. ಪಾತ್ರೆ ತೊಳೆಯುವ ಲಿಕ್ವಿಡ್‌ನ ಕೆಲಸವೇ ಎಣ್ಣೆ ನೀರನ್ನು ಒಂದಾಗಿಸುವುದು. ಅದು ಸ್ವಲ್ಪ ಉಳಿದರೂ ಬಾಟಲಿ ತುಂಬಾ ಮಜ್ಜಿಗೆ ಥರ ಮಬ್ಬು. ನಾಲ್ಕೈದು ಸಲ ಬರೀ ನೀರಿನಲ್ಲಿ ಗಲಬರಿಸಿ.

ತಳಕ್ಕೆ ಸುಮಾರು 100 ಮಿಲಿ ಬಣ್ಣದ ಹುಳಿ ನೀರು. ಅದರಲ್ಲಿ 70 ಮಿಲಿ ಬಣ್ಣದ ನೀರು, 30 ಮಿಲಿ ಸೋಸಿದ ನಿಂಬೆರಸ. ರಸ ಇರುವ ಒಂದು ದೊಡ್ಡ ನಿಂಬೆಹಣ್ಣಿನಲ್ಲಿ ಅಷ್ಟು ಬರುತ್ತೆ. ಬೀಜ, ಚಿಪ್ಪು ಹೋಗಬಾರದು. ಅದರ ಮೇಲೆ 300 ಮಿಲಿ ಎಣ್ಣೆಯನ್ನು ಬಾಟಲಿಯ ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಮೇಲೆ ಉಳಿಯುವ ಜಾಗ ಖಾಲಿ ಇರಲಿ. ನೊರೆ ಏರೋದು ಅಲ್ಲಿಗೇ.

ಎಣ್ಣೆ ಯಾವುದು? ಸೂರ್ಯಕಾಂತಿ ಎಣ್ಣೆ ತಿಳಿಯಾಗಿರುತ್ತೆ, ಬಣ್ಣ ಚೆನ್ನಾಗಿ ಕಾಣುತ್ತೆ. ಕಡಲೆಕಾಯಿ ಎಣ್ಣೆಯೂ ಆಗುತ್ತೆ. ಕೊಬ್ಬರಿ ಎಣ್ಣೆ ಬೇಡ. ಉಷ್ಣಾಂಶ 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುತ್ತೆ, ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ನಿಮ್ಮ ಲಾವಾ ಲ್ಯಾಂಪ್ ಬೆಳ್ಳಗೆ ಹೆಪ್ಪುಗಟ್ಟಿ ಕೂರುತ್ತೆ. ಬೋಂಡಾ ಕರಿದ ಎಣ್ಣೆಯೂ ಬೇಡ, ಅದರ ಕಂದು ಬಣ್ಣದಲ್ಲಿ ಯಾವ ಗುಳ್ಳೆಯೂ ಕಾಣಲ್ಲ.

ಈಗ ಸೋಡಾ. ಇಡ್ಲಿ, ಬಜ್ಜಿಗೆ ಹಾಕುವ ಅಡುಗೆ ಸೋಡಾ ಸಾಕು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ, ಅದನ್ನು ಮುಟ್ಟಬೇಡಿ. ಪುಡಿಯನ್ನೇ ಉದುರಿಸಿದರೆ ಎಣ್ಣೆಯಲ್ಲಿ ಚದುರಿ, ನೀರಿಗೆ ಸೇರಿದ ಕೂಡಲೇ ಒಂದೇ ಸಲ ಭುಸ್ ಅಂತ ಉಕ್ಕಿ ಎರಡು ನಿಮಿಷಕ್ಕೆ ಮುಗಿಯುತ್ತೆ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಉಪಾಯ ಇದೆ: ಸೋಡಾ ಸಂಡಿಗೆ. ನಾಲ್ಕು ಚಮಚ ಸೋಡಾಕ್ಕೆ ಹನಿ ಹನಿಯಾಗಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ಕಡಲೆಕಾಳಿನ ಗಾತ್ರಕ್ಕೆ ಉಂಡೆ ಮಾಡಿ, ನೆರಳಿನಲ್ಲಿ ಎರಡು ದಿನ ಒಣಗಿಸಿ. ಕಾಳಿನಂಥ ಈ ಉಂಡೆ ಎಣ್ಣೆಯಲ್ಲಿ ಸೀದಾ ತಳಕ್ಕೆ ಇಳಿದು ನಿಧಾನವಾಗಿ ಕರಗುತ್ತೆ, ಗುಳ್ಳೆಯೂ ನಿಧಾನವಾಗಿ ಬರುತ್ತೆ. ಒಂದು ಡಬ್ಬಿ ಮಾಡಿಟ್ಟರೆ ತಿಂಗಳಿಗೆ ಆಯ್ತು. ಉಂಡೆ ಕಟ್ಟೋದು ಪುಟ್ಟಿಯ ಕೆಲಸ. ಡಬ್ಬಿಯ ಮೇಲೆ ‘ಇದು ತಿನ್ನೋದಲ್ಲ’ ಅಂತ ಅವಳೇ ಬರೆದು ಅಂಟಿಸಿದ್ದಾಳೆ.

ಬಣ್ಣ ಯಾರ ಪಾಲಿಗೆ?

ಬಣ್ಣ ಹಾಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ಬಣ್ಣ ನೀರಿನ ಪಾಲಿನದಾ, ಎಣ್ಣೆಯ ಪಾಲಿನದಾ? ಅಡುಗೆ ಮಾಡುವವರಿಗೆ ಉತ್ತರ ಗೊತ್ತೇ ಇರುತ್ತೆ. ಬೀಟ್‌ರೂಟ್ ಬೇಯಿಸಿದರೆ ನೀರು ಕೆಂಪಾಗುತ್ತೆ. ಒಗ್ಗರಣೆಗೆ ಅರಿಶಿನ ಹಾಕಿದರೆ ಎಣ್ಣೆ ಹಳದಿಯಾಗುತ್ತೆ. ಸಾರಿನ ಮೇಲೆ ತೇಲುವ ಎಣ್ಣೆಯ ಕೆಂಪು ಬ್ಯಾಡಗಿ ಮೆಣಸಿನಕಾಯಿಯದು.

ಅಂಗಡಿಯಲ್ಲಿ ಸಿಗುವ ಫುಡ್ ಕಲರ್ ಸಾಮಾನ್ಯವಾಗಿ ನೀರಿನ ಪಾಲಿನದು. ಎಣ್ಣೆಗೆ ಹಾಕಿದರೆ ಬೆರೆಯಲ್ಲ, ಹನಿಹನಿಯಾಗಿ ಇಳಿದು ತಳದ ನೀರಿಗೆ ಸೇರುತ್ತೆ. ಎಣ್ಣೆಗೇ ಬಣ್ಣ ಬೇಕು ಅಂದ್ರೆ ಅರಿಶಿನ ಸುಲಭ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಅರ್ಧ ಚಮಚ ಅರಿಶಿನ ಕಲಸಿ, ರಾತ್ರಿಯಿಡೀ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ. ತಿಳಿ ಬಂಗಾರದ ಬಣ್ಣದ ಎಣ್ಣೆ ಸಿಗುತ್ತೆ. ಅದರೊಳಗೆ ನೀಲಿ ನೀರಿನ ಗುಂಡು ಏರಿದರೆ ಬೆಳಕಿಗೆ ಹಸಿರಾಗಿ ಕಾಣುತ್ತೆ. ಬ್ಯಾಡಗಿಯ ಬಣ್ಣ ಇನ್ನೂ ಚೆನ್ನ, ಆದರೆ ಖಾರ ಕಡಿಮೆ ಅಂದ್ರೂ ಖಾರ ಖಾರವೇ. ಆ ಕೈಯಲ್ಲಿ ಮಗು ಕಣ್ಣುಜ್ಜಿಕೊಂಡರೆ? ಮಕ್ಕಳಿರುವ ಮನೆಗೆ ಅದು ಬೇಡ.

ಎಷ್ಟು ಬಣ್ಣ ಅನ್ನೋದೂ ಮುಖ್ಯ. ಜಾಸ್ತಿ ಹಾಕಿದರೆ ಗುಂಡುಗಳು ಕಪ್ಪಗೆ ಕಾಣುತ್ತವೆ, ಬೆಳಕು ದಾಟಲ್ಲ. ನೀರನ್ನು ಒಂದು ಲೋಟದಲ್ಲಿ ಹಿಡಿದು ಆಚೆ ಬದಿಯ ನಿಮ್ಮ ಬೆರಳು ಕಾಣಬೇಕು, ಅಷ್ಟು ತಿಳಿ ಇದ್ದರೆ ಸರಿ.

ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಬಳಸುವುದನ್ನೂ ನಿಷೇಧಿಸಿತು, ನೆನಪಿದೆಯಾ? ಈ ಬಾಟಲಿ ತಿನ್ನುವ ವಸ್ತು ಅಲ್ಲ, ನಿಜ. ಆದರೂ ಮಗುವಿನ ಕೈ ಅದ್ದುವ ಜಾಗಕ್ಕೆ ಹೋಳಿ ಬಣ್ಣ, ಬಟ್ಟೆಗೆ ಹಾಕುವ ಬಣ್ಣ ಯಾಕೆ? ಗಿಡದಲ್ಲೇ ಅದಕ್ಕಿಂತ ಒಳ್ಳೆಯದು ಇದೆ.

ಶಂಖಪುಷ್ಪ ಅನ್ನುವ ಮೀಟರ್

ನಾನು ಹೇಳ್ತಿರೋದು ಶಂಖಪುಷ್ಪ. ಕಾಂಪೌಂಡ್ ಮೇಲೆ ಹಬ್ಬುವ, ದೇವರಿಗೆ ಇಡುವ ಅದೇ ನೀಲಿ ಹೂವು. ಕೆಲವು ಕೆಫೆಗಳಲ್ಲಿ ‘ಬ್ಲೂ ಟೀ’ ಅಂತ ಕೊಡೋದೂ ಇದನ್ನೇ. ಹತ್ತು ಹೂವಿನ ತೊಟ್ಟು ತೆಗೆದು, ಅರ್ಧ ಲೋಟ ಕುದಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೆ ಕಡುನೀಲಿ ನೀರು ರೆಡಿ. ದೊಡ್ಡವರು ಮಾಡಬೇಕಾದ ಬಿಸಿ ಕೆಲಸ ಇದೊಂದೇ.

ಇದು ನೀರಿನ ಪಾಲಿನ ಬಣ್ಣ. ಜೊತೆಗೆ ಇದಕ್ಕೊಂದು ಗುಣ ಇದೆ. ನಿಂಬೆರಸ ಬಿದ್ದ ಕೂಡಲೇ ನೀಲಿ ಹೋಗಿ ನೇರಳೆ, ಇನ್ನೂ ಹುಳಿಯಾದರೆ ಗುಲಾಬಿ. ಸೋಡಾ ಬಿದ್ದರೆ ಮತ್ತೆ ನೀಲಿ, ಸೋಡಾ ಜಾಸ್ತಿಯಾದರೆ ಸ್ವಲ್ಪ ಹಸಿರು ಛಾಯೆ. ಹುಳಿ ಅಂದ್ರೆ ಆಮ್ಲ, ಸೋಡಾ ಅಂದ್ರೆ ಕ್ಷಾರ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ ತಕ್ಷಣ ಕೆಂಪಾಗುತ್ತಲ್ಲ, ಅದೇ ಥರದ ಮಾಯೆ ಇದು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕೆಮಿಸ್ಟ್ರಿ.

ಲಾವಾ ಲ್ಯಾಂಪ್‌ಗೆ ಇದರಿಂದ ಏನು ಲಾಭ? ಬಣ್ಣವೇ ಮೀಟರ್ ಆಗುತ್ತೆ. ಬಾಟಲಿಯ ತಳ ಗುಲಾಬಿ ಅಥವಾ ನೇರಳೆ ಇದೆ ಅಂದ್ರೆ ಹುಳಿ ಇನ್ನೂ ಉಳಿದಿದೆ, ಸೋಡಾ ಉಂಡೆ ಹಾಕಿದರೆ ಸಾಕು. ತಳ ನೀಲಿಗೆ ತಿರುಗಿದೆ ಅಂದ್ರೆ ಹುಳಿ ಮುಗಿದಿದೆ. ಆಮೇಲೆ ಎಷ್ಟು ಸೋಡಾ ಸುರಿದರೂ ಪ್ರಯೋಜನ ಇಲ್ಲ, ನಿಂಬೆರಸವೇ ಬೇಕು. ಅಡುಗೆ ಮನೆಯ ಲೆಕ್ಕ ಕೇಳಿದರೆ, 30 ಮಿಲಿ ನಿಂಬೆರಸದ ಹುಳಿ ಮುಗಿಯೋಕೆ ಸುಮಾರು ಅರ್ಧ ಟೀ ಚಮಚ ಸೋಡಾ ಸಾಕು.

ಈ ಮೀಟರ್ ಬಂದ ಮೇಲೆ ನನ್ನ ರಾತ್ರಿ ಡ್ಯೂಟಿ ಹಗುರ ಆಯ್ತು. ಪುಟ್ಟಿಯೇ ಬಾಟಲಿ ಹತ್ತಿರ ಕಣ್ಣಿಟ್ಟು ನೋಡಿ ಹೇಳ್ತಾಳೆ, “ಚಿಕ್ಕಿ, ನೀಲಿ ಆಗೋಯ್ತು, ನಿಂಬೆ ಕೊಡು.” ದೀಪ ಯಾಕೆ ನಿಂತಿತು ಅಂತ ತಾನೇ ಹೇಳಬಲ್ಲಳು ಅಂದ ಮೇಲೆ, ಅದು ನಿಲ್ಲುತ್ತೆ ಅನ್ನೋ ಹೆದರಿಕೆಯೂ ಕಡಿಮೆಯಾಗಿದೆ.

ಮನೆ ಹತ್ತಿರ ಶಂಖಪುಷ್ಪ ಇಲ್ಲದಿದ್ದರೆ ನೇರಳೆ ಬಣ್ಣದ ಎಲೆಕೋಸು ಹೆಚ್ಚಿ ಬಿಸಿ ನೀರಿನಲ್ಲಿ ನೆನೆಸಿದ ರಸವೂ ಹೀಗೇ ಬಣ್ಣ ಬದಲಿಸುತ್ತೆ. ಕೆಂಪು ದಾಸವಾಳವೂ ಆಗುತ್ತೆ, ಹುಳಿಗೆ ಕೆಂಪು, ಸೋಡಾಕ್ಕೆ ಹಸಿರಿನ ಕಡೆ. ಬೀಟ್‌ರೂಟ್ ಮಾತ್ರ ಈ ಕೆಲಸಕ್ಕೆ ಬರಲ್ಲ. ನೋಡೋಕೆ ಚಂದ, ಆದರೆ ನಿಂಬೆಗೂ ಸೋಡಾಕ್ಕೂ ಅದರದ್ದು ಹೆಚ್ಚುಕಮ್ಮಿ ಒಂದೇ ಮುಖ.

ನಿಂತ ದೀಪಕ್ಕೆ ನಾಲ್ಕು ಪರೀಕ್ಷೆ

ಒಂದು: ಗುಳ್ಳೆ ಇಲ್ಲ, ನೀರು ತಿಳಿಯಾಗಿದೆ. ತಳದ ಬಣ್ಣ ನೋಡಿ. ಗುಲಾಬಿ, ನೇರಳೆ ಇದ್ದರೆ ಎರಡು ಸೋಡಾ ಉಂಡೆ. ನೀಲಿ ಇದ್ದರೆ ಎರಡು ಚಮಚ ಸೋಸಿದ ನಿಂಬೆರಸ. ರಸವನ್ನು ಸ್ವಲ್ಪ ಹೂವಿನ ನೀರಿನ ಜೊತೆ ಬೆರೆಸಿ ಡ್ರಾಪರ್‌ನಲ್ಲಿ ಬಿಡಿ. ಗುಲಾಬಿ ಹನಿಗಳು ಎಣ್ಣೆಯಲ್ಲಿ ಇಳಿಯುತ್ತಾ ಹೋಗಿ, ಸೋಡಾ ಉಳಿದ ತಳಕ್ಕೆ ತಾಗಿದಾಗ ಬಣ್ಣ ಬದಲಿಸಿ ಏಳುತ್ತವೆ. ನಮ್ಮ ಮನೆಯಲ್ಲಿ ಎಲ್ಲರೂ ಕಾಯೋದು ಆ ಕ್ಷಣಕ್ಕೆ. ಫುಡ್ ಕಲರ್ ಹಾಕಿದ್ದರೆ ಈ ಮೀಟರ್ ಇರಲ್ಲ. ಆಗ ಒಂದು ಉಂಡೆ ಹಾಕಿ ನೋಡಿ. ಗುಳ್ಳೆ ಬಂದರೆ ಹುಳಿ ಇದೆ, ಉಂಡೆ ಸುಮ್ಮನೆ ತಳದಲ್ಲಿ ಕೂತರೆ ಹುಳಿ ಬೇಕು.

ಎರಡು: ನೀರು ಕಲಗಚ್ಚಿನಂತಾಗಿದೆ, ತಳದಲ್ಲಿ ಬಿಳಿ ಗಸಿ ಇದೆ. ಹುಳಿಯೂ ಸೋಡಾವೂ ಸೇರಿ ಗುಳ್ಳೆ ಬಿಟ್ಟ ಮೇಲೆ ಅಲ್ಲಿ ಒಂದು ಬಗೆಯ ಲವಣ ಉಳಿಯುತ್ತೆ. ಪ್ರತಿ ರೀಫಿಲ್‌ಗೂ ಅದು ಜಾಸ್ತಿಯಾಗುತ್ತಾ ಹೋಗುತ್ತೆ. ಕರಗದೆ ಉಳಿದ ಸೋಡಾವೂ ಅಲ್ಲೇ ಕೂರುತ್ತೆ. ಈಗ ಬೇಕಾದ್ದು ಹೊಸ ನೀರು. ನಿಂಬೆರಸ ಹಾಕಿದ ನೀರು ದಿನ ಕಳೆದ ಹಾಗೆ ಹಳಸುವುದರಿಂದ, ಗಸಿ ಇಲ್ಲದಿದ್ದರೂ ವಾರಕ್ಕೊಮ್ಮೆ ನೀರು ಬದಲಿಸಿ.

ಎಣ್ಣೆ ಉಳಿಸಿಕೊಂಡು ನೀರು ಮಾತ್ರ ತೆಗೆಯೋದು ಹೇಗೆ? ಹಾಲಿನ ಪ್ಯಾಕೆಟ್ ಕತ್ತರಿಸುವ ವಿದ್ಯೆ ಸಾಕು. ಗಟ್ಟಿ ಜಿಪ್ ಕವರ್‌ಗೆ ಬಾಟಲಿಯಲ್ಲಿರೋದನ್ನೆಲ್ಲ ಸುರಿದು, ಒಂದು ಮೂಲೆ ಕೆಳಗೆ ಬರುವ ಹಾಗೆ ಎತ್ತಿ ಹಿಡಿಯಿರಿ. ಐದು ನಿಮಿಷಕ್ಕೆ ನೀರು ಆ ಮೂಲೆಗೆ ಇಳಿಯುತ್ತೆ. ಕೆಳಗೆ ಪಾತ್ರೆ ಇಟ್ಟು ಮೂಲೆಯನ್ನು ಸಣ್ಣಗೆ ಕತ್ತರಿಸಿ. ಮೊದಲು ಬಣ್ಣದ ನೀರು ಹೋಗುತ್ತೆ, ಎಣ್ಣೆ ಬರುವ ಹೊತ್ತಿಗೆ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಉಳಿದ ಎಣ್ಣೆ ಒಣಗಿದ ಬಾಟಲಿಗೆ ವಾಪಸ್. ಅದೇ 300 ಮಿಲಿ ಎಣ್ಣೆಯಲ್ಲಿ ನಾವು ವಾರಗಟ್ಟಲೆ ಓಡಿಸಿದ್ದೀವಿ.

ಮೂರು: ನೀರು ಸರಿಯಿದೆ, ಎಣ್ಣೆ ಮಬ್ಬಾಗಿದೆ. ಬಾಟಲಿಯನ್ನು ಯಾರೋ ಕುಲುಕಿದ್ದಾರೆ ಅಂತ ಅರ್ಥ! ಸಣ್ಣ ಸಣ್ಣ ನೀರಿನ ಹನಿಗಳು ಎಣ್ಣೆಯಲ್ಲಿ ಸಿಕ್ಕಿಕೊಂಡಿವೆ. ಏನೂ ಹಾಕಬೇಡಿ, ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆಗೆ ತಿಳಿಯಾಗುತ್ತೆ. ಆಗದಿದ್ದರೆ ಸೋಪು ಸೇರಿರುವ ಸಾಧ್ಯತೆ ಹೆಚ್ಚು. ಆಗ ಹೊಸ ಎಣ್ಣೆಯೇ ಗತಿ.

ನಾಲ್ಕು: ಎಣ್ಣೆ ಕಮಟು ಹೊಡೆಯುತ್ತಿದೆ. ಅದು ಹಳೆಯದಾಯ್ತು, ಬದಲಿಸಿ. ಆ ಎಣ್ಣೆಯನ್ನು ಒಗ್ಗರಣೆಗೆ ಬಳಸಬೇಡಿ. ದೇವರ ದೀಪಕ್ಕೂ ಬೇಡ, ಒಳಗೆ ಉಳಿದ ನೀರಿಗೆ ಚಟಪಟ ಸಿಡಿಯುತ್ತೆ. ಸಿಂಕ್‌ಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತೆ. ಹಳೆ ಪೇಪರ್‌ಗೆ ಹೀರಿಸಿ ಕಸಕ್ಕೆ ಹಾಕಿ.

ಮುಚ್ಚಳ, ಬಲ್ಬ್, ಒಲೆ

ಇಲ್ಲಿಯವರೆಗೆ ಆಟ. ಇನ್ನು ಮುಂದಿನದನ್ನು ದಯವಿಟ್ಟು ಸ್ಕ್ರೋಲ್ ಮಾಡಿ ದಾಟಬೇಡಿ.

ಮೊದಲನೆಯದು ಮುಚ್ಚಳ. ರಾತ್ರಿ ಕೈ ತಾಗಿ ಚೆಲ್ಲುತ್ತೆ ಅಂತ ಪುಟ್ಟಿ ಮುಚ್ಚಳ ಬಿಗಿಯೋಕೆ ಹೋದಳು. ಯಾರಿಗಾದರೂ ಹಾಗೇ ಅನಿಸುತ್ತೆ. ಆದರೆ ಲೆಕ್ಕ ನೋಡಿ. ಅರ್ಧ ಟೀ ಚಮಚ ಸೋಡಾ ಪೂರ್ತಿ ಹುಳಿಯ ಜೊತೆ ಸೇರಿದರೆ ಅರ್ಧ ಲೀಟರ್‌ಗಿಂತ ಹೆಚ್ಚು ಗ್ಯಾಸ್ ಬರುತ್ತೆ. ನಿಮ್ಮ ಬಾಟಲಿಯ ಮೇಲಿರುವ ಖಾಲಿ ಜಾಗ 100 ಮಿಲಿ. ಅಷ್ಟು ಗ್ಯಾಸ್ ಅಷ್ಟು ಸಣ್ಣ ಜಾಗದಲ್ಲಿ ಸಿಕ್ಕಿಕೊಂಡರೆ ಮುಚ್ಚಳ ಹಾರಬಹುದು. ಗಾಜಾಗಿದ್ದರೆ ಬಾಟಲಿಯೇ ಒಡೆಯಬಹುದು. ಗುಳ್ಳೆ ಬರುತ್ತಿರುವಷ್ಟು ಹೊತ್ತು ಬಾಯಿ ತೆರೆದೇ ಇರಬೇಕು. ಚೆಲ್ಲುವ ಭಯಕ್ಕೆ ಬೇರೆ ಉಪಾಯ ಇದೆ. ನಾವು ಅದನ್ನು ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ನಿಲ್ಲಿಸಿ, ಹಾಸಿಗೆಯಿಂದ ದೂರ, ಕೈಗೆಟುಕದ ಶೆಲ್ಫ್ ಮೇಲೆ ಇಡ್ತೀವಿ. ಗುಳ್ಳೆ ಪೂರ್ತಿ ನಿಂತ ಮೇಲೂ ಧೂಳು ಬೀಳದ ಹಾಗೆ ಬಾಯಿಗೆ ಒಂದು ಬಟ್ಟೆ, ಅಷ್ಟೇ.

ಎರಡನೆಯದು ಬಲ್ಬ್. “ಕೆಳಗೊಂದು 60 ವ್ಯಾಟ್ ಬಲ್ಬ್ ಇಟ್ಟುಬಿಡೋಣಮ್ಮ, ಅಂಗಡೀದರ ಥರ ರಾತ್ರಿಯೆಲ್ಲ ಓಡುತ್ತೆ, ನಿನಗೂ ಎದ್ದೇಳೋ ಕೆಲಸ ತಪ್ಪುತ್ತೆ” ಅಂತ ಭಾವ ಅಂದರು. ಅಕ್ಕರೆಯ ಮಾತೇ. ಆದರೆ ಅದು ಓಡಲ್ಲ. ಅಸಲಿ ದೀಪದಲ್ಲಿ ತಣ್ಣಗಿನ ಮೇಣ ದ್ರವಕ್ಕಿಂತ ಭಾರ, ಬಿಸಿಗೆ ಹಗುರ. ನಮ್ಮ ಬಾಟಲಿಯಲ್ಲಿ ಎಣ್ಣೆ ತಣ್ಣಗಿದ್ದಾಗಲೇ ನೀರಿಗಿಂತ ಹಗುರ, ಬಿಸಿ ಮಾಡಿದರೆ ಇನ್ನೂ ಹಗುರ. ಮೇಲಿರೋದು ಮೇಲೆಯೇ ಇರುತ್ತೆ, ಎಣ್ಣೆ ಮಾತ್ರ ಕಾಯುತ್ತೆ. ಮೇಣದ ಬತ್ತಿ ಕರಗಿಸಿ ನೀರಿಗೆ ಹಾಕಿದರೂ ಇದೇ ಕಥೆ, ಆ ಮೇಣ ಯಾವಾಗಲೂ ನೀರಿನ ಮೇಲೆಯೇ. ಭಾವನಿಗೆ ಒಂದು ಲೋಟದಲ್ಲಿ ಎಣ್ಣೆ ನೀರು ಹಾಕಿ ತೋರಿಸಿದೆ. “ಸರಿ ಬಿಡು, ಹಾಗಾದ್ರೆ ಬಲ್ಬ್ ಬೇಡ” ಅಂದರು.

ಬೆಳಕು ಬೇಕೇ ಬೇಕಲ್ಲ? ಕಪಾಟಿನೊಳಗೆ ಅಂಟಿಸುವ, ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪ ತಂದು ಬಾಟಲಿಯ ಹಿಂದೆ ಇಡಿ. ಬಿಸಿಯೂ ಆಗಲ್ಲ, ವೈರೂ ಇಲ್ಲ. ಫೋನಿನ ಟಾರ್ಚ್ ಮೇಲೆ ಬಾಟಲಿ ಕೂರಿಸೋದು ಫೋಟೊಗೆ ಚಂದ, ಎಣ್ಣೆ ಉಕ್ಕಿದರೆ ಫೋನಿಗೆ ಚಂದ ಅಲ್ಲ. ಹಣತೆಯನ್ನಂತೂ ಹತ್ತಿರವೂ ತರಬೇಡಿ.

ಮೂರನೆಯದು ಒಲೆ. ಇದು ಕೊಂಡು ತಂದ ಅಸಲಿ ಲ್ಯಾಂಪ್ ಇರುವವರಿಗೆ. ಮೇಣ ಬೇಗ ಏಳಲಿ ಅಂತ ಅದನ್ನು ಒಲೆಯ ಮೇಲಿಡುವ ಯೋಚನೆ ಯಾರಿಗೂ ಬಾರದಿರಲಿ. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆಂಟ್ ಎಂಬ ಊರಿನಲ್ಲಿ ಒಬ್ಬ ಯುವಕ ಹೀಗೆ ಒಲೆಯ ಮೇಲೆ ಬಿಸಿ ಮಾಡಿದ ಲಾವಾ ಲ್ಯಾಂಪ್ ಸಿಡಿದು, ಗಾಜಿನ ಚೂರು ಎದೆಗೆ ನಾಟಿ ತೀರಿಕೊಂಡ. ಮುಚ್ಚಿದ ಗಾಜಿನ ಬಾಟಲಿಯೊಳಗಿನ ದ್ರವ ಮಿತಿ ಮೀರಿ ಕಾದರೆ ಅದು ಪ್ರೆಷರ್ ಕುಕ್ಕರ್ ಇದ್ದ ಹಾಗೆ, ಆದರೆ ಸೀಟಿ ಇಲ್ಲದ ಕುಕ್ಕರ್.

ಅಂಗಡಿಯ ಲ್ಯಾಂಪ್ ಕೆಟ್ಟಿದ್ದರೆ

ಗಿಫ್ಟ್ ಬಂದ ಲಾವಾ ಲ್ಯಾಂಪ್ ಓಡ್ತಿಲ್ಲ, ಮಬ್ಬಾಗಿದೆ, ಬಣ್ಣ ಹೋಗಿದೆ ಅಂತ ಮುಚ್ಚಳ ಕಿತ್ತು ನೀರು ಬದಲಿಸುವ ವಿಡಿಯೊಗಳು ಬೇಕಾದಷ್ಟಿವೆ. ನನ್ನ ಮಾತು ಕೇಳಿ, ಬೇಡ. ಅದರಲ್ಲಿ ಮೇಣ ಮತ್ತು ದ್ರವದ ತೂಕವನ್ನು ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಹೊಂದಿಸಿರುತ್ತಾರೆ. ನಲ್ಲಿ ನೀರು ಸುರಿದರೆ ಆ ಲೆಕ್ಕ ತಪ್ಪಿ ಮೇಣ ಒಂದೋ ಏಳಲ್ಲ, ಇಲ್ಲಾ ಇಳಿಯಲ್ಲ. ಹಳೆಯ ಕಾಲದ ದೀಪಗಳಲ್ಲಿ ಮೇಣದ ತೂಕ ಹೆಚ್ಚಿಸಲು ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕವನ್ನೂ ಬಳಸಿದ್ದುಂಟು. ಅಡುಗೆ ಮನೆಯ ಸಿಂಕ್‌ನಲ್ಲಿ ಬಿಚ್ಚುವ ವಸ್ತುವಲ್ಲ ಅದು.

ಅಲ್ಲೂ ಅದೇ ಪ್ರಶ್ನೆ ಕೇಳಿ, ಏನು ಖರ್ಚಾಗಿದೆ? ಹೆಚ್ಚಿನ ಸಲ ಉತ್ತರ ಬಲ್ಬ್. ಕರೆಂಟ್ ಉಳಿಸಲು ಯಾರೋ ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿರುತ್ತಾರೆ. ಬೆಳಕು ಬರುತ್ತೆ, ಮೇಣ ಕರಗುವಷ್ಟು ಬಿಸಿ ಬರಲ್ಲ. ದೀಪದ ಮೇಲೆ ಬರೆದಿರುವಷ್ಟೇ ವ್ಯಾಟ್‌ನ, ಅದೇ ಬಗೆಯ ಬಲ್ಬ್ ಹಾಕಿ. ಅದಕ್ಕಿಂತ ಹೆಚ್ಚಿನದು ಬೇಡ. ಓಡುವಾಗ ಅಲುಗಾಡಿಸಬೇಡಿ, ಬಿಸಿಲಿಗೆ ಇಡಬೇಡಿ, ಮಲಗುವ ಮುಂಚೆ ಆರಿಸಿ. ಬಾಟಲಿಯೇ ಕೆಟ್ಟಿದ್ದರೆ, ಮ್ಯಾತ್‌ಮಾಸ್‌ನಂಥ ತಯಾರಕರು ತಮ್ಮ ದೀಪಗಳಿಗೆ ಬದಲಿ ಬಾಟಲಿಯನ್ನೇ ಮಾರುತ್ತಾರೆ. ಅಸಲಿ ದೀಪಕ್ಕೆ ರೀಫಿಲ್ ಅಂದ್ರೆ ಅದೊಂದೇ.

ಎರಡೂ ದೀಪಗಳ ಚಂದ ಇರೋದು ಮುಂದಿನ ಗುಂಡು ಎಲ್ಲಿಂದ ಏಳುತ್ತೆ ಅಂತ ಮೊದಲೇ ಹೇಳೋಕಾಗಲ್ಲ ಅನ್ನೋದರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಲೌಡ್‌ಫ್ಲೇರ್ ಕಂಪನಿಯ ಆಫೀಸಿನ ಒಂದು ಗೋಡೆಯ ತುಂಬ ಸುಮಾರು 100 ಲಾವಾ ಲ್ಯಾಂಪ್‌ಗಳಿವೆ. ಕ್ಯಾಮೆರಾ ಅವುಗಳ ಚಿತ್ರ ತೆಗೆಯುತ್ತಾ ಇರುತ್ತೆ. ಯಾರೂ ಊಹಿಸಲಾಗದ ಆ ಓಡಾಟದಿಂದ ಸಂಖ್ಯೆಗಳನ್ನು ಪಡೆದು, ಇಂಟರ್‌ನೆಟ್ ಮಾಹಿತಿಗೆ ಬೀಗ ಹಾಕುವ ಗುಪ್ತ ಕೀಲಿಗಳಿಗೆ ಬಳಸ್ತಾರೆ. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ, “ಅಷ್ಟೂ ಲ್ಯಾಂಪ್‌ಗೆ ದಿನಾ ನಿಂಬೆಹಣ್ಣು ಯಾರು ಹಾಕ್ತಾರೆ?”

ಹಾಕಬೇಕಿಲ್ಲ ಪುಟ್ಟಿ, ಅವು ಬಿಸಿಯಿಂದ ಓಡುವ ದೀಪ ಅಂದೆ. ನಮ್ಮದಕ್ಕೆ ಹಾಕಬೇಕು. ನೈಟ್ ಡ್ಯೂಟಿಯ ವಾರದಲ್ಲಿ ನಮಗೆ ಬೇಕಾಗೋದು ನಾಲ್ಕೈದು ನಿಂಬೆಹಣ್ಣು, ಒಂದು ಹಿಡಿ ಹೂವು, ಹತ್ತಿಪ್ಪತ್ತು ಸೋಡಾ ಉಂಡೆ. ನೀವೂ ಮಾಡಿದರೆ ಯಾವ ಹೂವು ಯಾವ ಬಣ್ಣ ಕೊಟ್ಟಿತು ಅಂತ ಓದುಗರ ಅಂಕಣಕ್ಕೆ ಬರೆಯಿರಿ. ಹೂವಿನ ಹೆಸರು, ನಿಂಬೆ ಹಾಕಿದಾಗಿನ ಬಣ್ಣ, ಸೋಡಾ ಹಾಕಿದಾಗಿನ ಬಣ್ಣ, ಮೂರೂ ಇರಲಿ. ಪುಟ್ಟಿ ನೋಟ್‌ಬುಕ್‌ನಲ್ಲಿ ಪಟ್ಟಿ ಮಾಡ್ತಿದ್ದಾಳೆ, ಇಲ್ಲಿಯವರೆಗೆ ಮೂರೇ ಹೆಸರು ಆಗಿದೆ.